ಸೀಸದ ಬೂಚು

ಬೇಳೆ ಸೀದ ವಾಸನೆ ಇನ್ನೂ ಅಡಿಗೆಮನೆಯಿಂದ ಹೋಗಿಲ್ಲ. ಮೊನ್ನೆ ಕುಕ್ಕರಿನಲ್ಲಿ ನೀರು ಇಂಗಿ, ಮುಚ್ಚಳದ ಸಣ್ಣ ಬೂಚು ಕರಗಿ, ಉಗಿಯೆಲ್ಲ ಬುಸ್ಸೆಂದು ಹೊರಬಿತ್ತು. ನಿಮಗೂ ಹೀಗಾಗಿರಬಹುದು, ಹೊಸ ಬೂಚು ತಂದು ಹಾಕಿ ಮರೆತಿರುತ್ತೀರಿ. ನಾನು ಮಾತ್ರ ಅಂದಿನಿಂದ ಕುಳಿತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ನಮ್ಮಣ್ಣ ಖಾನಾಪುರದಿಂದ ದಿನಾ ಲೋಂಡಾದ ರೈಲ್ವೆ ಶೆಡ್ಡಿಗೆ ಹೋಗಿ ಉಗಿಯ ಇಂಜಿನ್ನುಗಳನ್ನು ಒರೆಸುತ್ತಿದ್ದ. ಅವುಗಳನ್ನು ಹತ್ತಿ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಬೇಕೆಂಬುದೊಂದೇ ಅವನ ಆಸೆ. ಅದಕ್ಕೆ ಸಾಹೇಬರ ಮುಂದೆ ಬಾಯಿಮಾತಿನ ಪರೀಕ್ಷೆ. ಅಣ್ಣನಿಗೆ ಓದು ಬಾರದು. ಮುದುಕ ಡ್ರೈವರೊಬ್ಬರು ಬರೆದುಕೊಟ್ಟ ನೋಟುಬುಕ್ಕನ್ನು ನಾನು ಓದಬೇಕು, ಅವನು ಕೇಳಿ ಕಲಿಯಬೇಕು. ನಾಲ್ಕನೆಯ ಇಯತ್ತೆ ಮುಗಿಸಿದ ನಾನೇ ಮನೆಯ ಪಂಡಿತೆ. ನನ್ನ ಗತ್ತು ಕೇಳಬೇಡಿ.

ಬಾಯ್ಲರಿನ ನೀರಿನೊಳಗೆ ಹಾಯ್ದ ಕೊಳವೆಗಳಲ್ಲಿ ಬೆಂಕಿಯ ಬಿಸಿ ಓಡುತ್ತದೆ. ಎದ್ದ ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ಹಿಂದೆ ಮುಂದೆ ತಳ್ಳುತ್ತದೆ. ಉದ್ದನೆಯ ಸಲಾಕೆ ಗಾಲಿ ತಿರುಗಿಸುತ್ತದೆ. ನಾನು ಓದಿದ್ದನ್ನು ಅಣ್ಣ ರೊಟ್ಟಿ ಹಿಡಿದ ಕೈಯಾಡಿಸಿ ಒಪ್ಪಿಸುತ್ತಿದ್ದ. "ಝಕ್ ಝಕ್ ಅನ್ನೂದು ಏನು ಗೊತ್ತೇನ? ಕೆಲಸಾ ಮುಗಿಸಿದ ಉಗಿ ಚಿಮಣಿ ಹಾದು ಮನಿಗೆ ಹೊಂಟಿರತೈತಿ."

ಒಂದು ಪುಟದಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ತಡವರಿಸಿದೆ.

"ಯಾಕ ನಿಂತ್ರಿ, ಮಾಸ್ತರ?" ಎಂದು ಅಣ್ಣ ನಕ್ಕ.

ಓದಲು ಬರುತ್ತಿಲ್ಲ ಎನ್ನಲು ನಾಚಿಕೆ. ಎರಡು ಹಾಳೆ ಕೂಡಿಸಿ ತಿರುವಿ, ಮುಂದಿನದನ್ನು ಓದಿದೆ.

ಪರೀಕ್ಷೆಯಲ್ಲಿ ಸಾಹೇಬರು ಕೇಳಿದ್ದು ನಾನು ಹಾರಿಸಿದ ಪುಟದ್ದನ್ನೇ: ಬಾಯ್ಲರಿನಲ್ಲಿ ನೀರು ತೀರ ಇಳಿದರೆ ಏನಾಗುತ್ತದೆ? ಅಣ್ಣ ನಪಾಸಾದ. "ನೀ ಓದಿರ್ತಿ, ನನ್ನ ತಲ್ಯಾಗ ನಿಂದರಲಿಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದ. ಮತ್ತೆ ಪರೀಕ್ಷೆಗೆ ಹೋಗಲಿಲ್ಲ. ನಾನು ಮದುವೆಯಾಗಿ ಬೆಳಗಾವಿಗೆ ಬಂದೆ. ಹನ್ನೊಂದು ವರ್ಷವಾಯಿತು, ಅವನು ಇನ್ನೂ ಒರೆಸುತ್ತಲೇ ಇದ್ದಾನೆ.

ಇವತ್ತು ಅಣ್ಣ ಊಟಕ್ಕೆ ಬಂದ. ಕರಗಿದ ಬೂಚನ್ನು ಬೆರಳಲ್ಲಿ ತಿರುವಿ ನೋಡಿದ.

"ಇಂಜಿನ್ನಿಗೂ ಹಿಂಗ. ಬೆಂಕಿಗೂಡಿನ ನೆತ್ತಿ ಮ್ಯಾಲ ಸೀಸದ ಬೂಚು ಇರತೈತಿ. ನೀರು ಇಳಿದ್ರ ಅದು ಕರಗಿ, ಉಗಿ ಬೆಂಕಿ ಮ್ಯಾಲ ಬೀಳತೈತಿ. ಬಾಯ್ಲರ್ ಉಳಿತೈತಿ. ಇಷ್ಟ ಸಣ್ಣ ಮಾತು, ಅವತ್ತ ನೆನಪಾಗಲಿಲ್ಲ ನೋಡವಾ."

"ನಾ ಅದನ್ನ ಓದೇ ಇರಲಿಲ್ಲ, ಅಣ್ಣಾ. ಆ ಹಾಳಿ ನನಗ ಓದಾಕ ಬರಲಿಲ್ಲ. ಹಾರಿಸಿದೆ."

ಅವನು ಬೂಚನ್ನು ಕೆಳಗಿಟ್ಟ. "ಇಷ್ಟು ವರ್ಷ ನಾ ದಡ್ಡ ಅಂತ ತಿಳಕೊಂಡಿದ್ನಲ್ಲವಾ."

ಎದ್ದು ಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲಿಟ್ಟೆ.

"ನೀರ ನೋಡಕೋ" ಎಂದ, ಹಿಂದಿನಿಂದ.

ಒಲೆಯ ಮುಂದೆ ಅಲುಗದೆ ನೋಡುತ್ತ ನಿಂತೆ.