ಬೆಲ್ಲದ ಡಬ್ಬಿ ಕೆಳಗಿಳಿಯಿತು

“ಮನ್ಯಾಗ ನಾಯಿ ಐತೇನ್ರಿ?” ಎಂದು ಗಜೇಂದ್ರಗಡದ ಮಕ್ಕಳ ಡಾಕ್ಟರು ಕೇಳಿದ್ದೇ ತಡ, ನಮ್ಮತ್ತೆ, “ಮರಿ ಐತ್ರಿ. ಆದ್ರ ಅದಕ್ಕ ನಾವು ಬೆಲ್ಲ ಹಾಕಂಗಿಲ್ರಿ!” ಎಂದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ನನ್ನ ಪುಟ್ಟ ಮಗಳ ಮಲದಲ್ಲಿ ಅಕ್ಕಿ ಕಾಳಿನಂಥ ಹುಳುಗಳು ಕಂಡಿದ್ದವು. ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳು ಆಗುತ್ತದೆಂದು ಅತ್ತೆ ನಂಬಿದ್ದರು. ಬೆಲ್ಲದ ಡಬ್ಬಿಯನ್ನು ಅವಳ ಕೈಗೆಟುಕದಂತೆ ಮೇಲೆ ಇಟ್ಟಿದ್ದರು. ಆದರೆ ಅವಳು ನಾಯಿಮರಿಯನ್ನು ತಬ್ಬಿಕೊಂಡು ಮಲಗುವುದು, ಅದೇ ಕೈಯಲ್ಲಿ ರೊಟ್ಟಿ ತಿನ್ನುವುದು ನಡೆದೇ ಇತ್ತು. ಅದನ್ನು ನಾವ್ಯಾರೂ ಬೇಡವೆಂದಿರಲಿಲ್ಲ.

“ಬೆಲ್ಲದ್ದೇನೂ ತಪ್ಪಿಲ್ರಿ ಅವ್ವಾರ. ನಾಯಿ ಮೈಮ್ಯಾಲಿನ ಚಿಗಟ ಹೊಟ್ಟಿಗೆ ಹೋದ್ರ ಈ ಹುಳ ಆಗ್ತಾವ. ಕೂಸಿಗೆ ನಾ ಔಷಧ ಕೊಡ್ತೀನಿ, ಮರೀನ ದನದ ದವಾಖಾನಿಗೆ ಕರಕೊಂಡ ಹೋಗ್ರಿ” ಎಂದರು ಡಾಕ್ಟರು.

ಮಗಳು ಗುಣವಾದಳು. ಮರಿಯ ಮೈಗೆ ಚಿಗಟದ ಔಷಧ ಹಚ್ಚಿದ್ದಾಯಿತು, ಆದರೆ ಹುಳುವಿನ ಗುಳಿಗೆಯನ್ನು ಬಾಯಿಗಿಟ್ಟಾಗಲೆಲ್ಲ ಅದು ಉಗುಳುತ್ತಿತ್ತು. ಕೊನೆಗೆ ಅತ್ತೆಯೇ ಡಬ್ಬಿ ಇಳಿಸಿ, ಗುಳಿಗೆಯನ್ನು ಬೆಲ್ಲದಲ್ಲಿ ಮುಚ್ಚಿ ಅದಕ್ಕೆ ತಿನ್ನಿಸಿದರು. ಆಮೇಲೆ ಸಾಬೂನು ಹಚ್ಚಿ ತಮ್ಮ ಕೈ, ಮೊಮ್ಮಗಳ ಕೈ ಎರಡನ್ನೂ ತೊಳೆದು, ಅವಳಿಗೂ ಒಂದು ತುಣುಕು ಬೆಲ್ಲ ಕೊಟ್ಟರು.