ಹೆಬ್ಬೆರಳಿಗೆ ಜಾರಿದ ಕತ್ತಿ

ಒಂದು ಸಾಣೆಗೆ ಕ್ಷೌರದ ಕತ್ತಿ ಎಷ್ಟು ದಿನ ಬರುತ್ತದೆ ಎಂದು ಬ್ಲೇಡಿನ ಕಾಲದವರು ನನ್ನನ್ನು ಕೇಳುವುದುಂಟು. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಹೊತ್ತು ಹೋಗಬೇಕಾಗಿರುತ್ತದೆ. ಆದರೂ ಹೇಳುತ್ತೇನೆ. ದಿನಕ್ಕೆ ಏಳೆಂಟು ಗಡ್ಡ, ಒಂದೆರಡು ತಲೆ ಬೋಳಿಸುವ ಕೆಲಸ, ಪ್ರತಿ ಸಲವೂ ಮುಖಕ್ಕೆ ಇಡುವ ಮೊದಲು ಚರ್ಮದ ಪಟ್ಟಿಯ ಮೇಲೆ ಇಪ್ಪತ್ತು ಬಾರಿ ಎಳೆತ. ಇಷ್ಟು ಮಾಡಿದರೆ ಒಳ್ಳೆಯ ಕತ್ತಿ ಹದಿನೈದು ದಿನ ಕಲ್ಲು ಕೇಳುವುದಿಲ್ಲ. ಒರಟು ಗಡ್ಡದವರೇ ಬಂದರೆ ಹತ್ತು ದಿನ. ಪಟ್ಟಿಗೆ ಎಳೆಯಲು ಸೋಮಾರಿತನ ಮಾಡಿದರೆ ಒಂದು ವಾರ. ಅದಕ್ಕಿಂತ ಬೇಗ ಕತ್ತಿ ಮೊಂಡಾಗುತ್ತದೆ ಎಂದು ಯಾವ ಕ್ಷೌರಿಕನಾದರೂ ದೂರಿದರೆ ಮೊದಲು ಅವನ ಕೈ ನೋಡಬೇಕು. ನಾನು ನೋಡಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಪುತ್ತೂರಿನಲ್ಲಿ ಬಸ್ಸು ನಿಲ್ಲುವಲ್ಲಿಂದ ಸ್ವಲ್ಪ ಏರು ಹತ್ತಿದರೆ ನಮ್ಮ ಅಂಗಡಿ. ಎರಡು ಕುರ್ಚಿ, ಎರಡು ಕನ್ನಡಿ. ಒಂದು ಕನ್ನಡಿ ಸರಿಯಾದದ್ದು, ಇನ್ನೊಂದರಲ್ಲಿ ಯಾರು ಕುಳಿತರೂ ಬಾಯಿ ಸೊಟ್ಟ ಕಾಣುತ್ತಿತ್ತು. ಸರಿಯಾದದ್ದು ಅಣ್ಣನದು. ಅವನು ನನಗಿಂತ ಒಂಬತ್ತು ವರ್ಷ ದೊಡ್ಡವನು. ಅಪ್ಪ ಬೇಗ ತೀರಿಕೊಂಡದ್ದರಿಂದ ನನಗೆ ಕೆಲಸ ಕಲಿಸಿದವನು ಅವನೇ. ಮನೆ ಕೊಯಿಲದಲ್ಲಿ, ಅಲ್ಲಿ ಅತ್ತಿಗೆ ಒಬ್ಬಳು. ನಾವಿಬ್ಬರೂ ವಾರಕ್ಕೊಮ್ಮೆ ಮನೆಗೆ ಹೋಗುವುದು, ಉಳಿದ ದಿನ ಅಂಗಡಿಯ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ಚಾಪೆ.

ಅವನಿಗೊಂದು ಕತ್ತಿ, ನನಗೊಂದು ಕತ್ತಿ. ಸಾಣೆಕಲ್ಲು ಮಾತ್ರ ಅಪ್ಪನ ಕಾಲದ್ದು, ಇಬ್ಬರಿಗೂ ಒಂದೇ. ಒಬ್ಬರ ಕತ್ತಿಯನ್ನು ಇನ್ನೊಬ್ಬರು ಮುಟ್ಟುವ ಕ್ರಮ ನಮ್ಮಲ್ಲಿಲ್ಲ. ಕತ್ತಿ ಒಂದೇ ಕೈಗೆ ಪಳಗಬೇಕು ಎನ್ನುವುದು ನಮ್ಮವರ ನಂಬಿಕೆ.

ಕಲ್ಲಿನಿಂದ ತೆಗೆದ ಕತ್ತಿಯನ್ನು ಪರೀಕ್ಷಿಸುವುದು ಎಡಗೈಯ ಹೆಬ್ಬೆರಳಿನಿಂದ. ಬೆರಳನ್ನು ಒದ್ದೆ ಮಾಡಿ ಅದರ ತಿರುಳನ್ನು ಅಲಗಿಗೆ ಅಡ್ಡಲಾಗಿ, ತಾಗಿಯೂ ತಾಗದಂತೆ ಸರಿಸಬೇಕು. ಹರಿತವಿದ್ದರೆ ಅಲಗು ಚರ್ಮವನ್ನು ಹಿಡಿಯುತ್ತದೆ, ಮೊಂಡಾಗಿದ್ದರೆ ಬೆರಳು ಜಾರುತ್ತದೆ. ಇದನ್ನು ಬಾಯಲ್ಲಿ ಹೇಳಿ ಕಲಿಸಲಿಕ್ಕೆ ಆಗುವುದಿಲ್ಲ. ಕಲಿಯುವ ಕಾಲಕ್ಕೆ ಅಣ್ಣ ನನ್ನ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಇಟ್ಟು, "ಈಗ ಹಿಡೀತಾ? ಈಗ ಜಾರಿತಾ?" ಎಂದು ಕೇಳಿ ಕೇಳಿ ಕಲಿಸಿದ್ದ. ನನಗೆ ಒಂದು ಗೀರೂ ಬೀಳಲಿಲ್ಲ. ಅಂಥ ಕೈ ಅವನದು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಸುಬಿನವರು ಸಾವಿನ ಮನೆಗೂ ಹೋಗಬೇಕು. ಸೂತಕ ಕಳೆಯುವ ದಿನ ಆ ಮನೆಯ ಗಂಡಸರ ಕ್ಷೌರ ನಮ್ಮದೇ ಕೆಲಸ. ಹಾಗೆ ಹೋಗಿ ಬಂದ ಕತ್ತಿಯನ್ನು, ಅದೆಷ್ಟೇ ಹರಿತವಿರಲಿ, ಸಾಣೆಗೆ ಹಿಡಿಯದೆ ಇನ್ನೊಬ್ಬರ ಮುಖಕ್ಕೆ ಇಡಬಾರದು ಎಂದು ನಮ್ಮ ಮನೆಯ ಕಟ್ಟಳೆ. ಇಟ್ಟರೆ ಆ ಕತ್ತಿಯಲ್ಲಿ ಮತ್ತೆ ಹರಿತ ನಿಲ್ಲುವುದಿಲ್ಲ, ಇವತ್ತು ಮಸೆದರೆ ನಾಳೆ ಮೊಂಡು ಎಂದು ಅಪ್ಪ ಹೇಳುತ್ತಿದ್ದರು. ನಾನು ಇದನ್ನು ಅರ್ಧ ನಂಬಿದ್ದೆ. ಅಣ್ಣ ಪೂರ್ತಿ ನಂಬಿದ್ದ.

ಅವನ ಕತ್ತಿ ಹದಿನೈದು ದಿನದ ಬದಲು ಹತ್ತನೆಯ ದಿನಕ್ಕೆ ಕಲ್ಲಿಗೆ ಬಂದಾಗ ನಾನು ಗಮನಿಸಲಿಲ್ಲ. ಆಮೇಲೆ ವಾರಕ್ಕೊಮ್ಮೆ ಬಂತು, ಆಮೇಲೆ ಮೂರು ದಿನಕ್ಕೊಮ್ಮೆ. ಅಣ್ಣ ಪಟ್ಟಿ ಬದಲಿಸಿದ. ಸೋಪು ಬದಲಿಸಿದ. ಕಲ್ಲನ್ನು ಬೂದಿ ಹಾಕಿ ತಿಕ್ಕಿ ತೊಳೆದ. ಬಾವಿಯ ನೀರಿಗೆ ಬೈದ. ಬೈಯಲಿಕ್ಕೆ ಇನ್ನೇನೂ ಉಳಿಯದಾದಾಗ ನನ್ನ ಕಡೆ ತಿರುಗಿದ.

ಅದಕ್ಕೆ ಕೆಲವು ತಿಂಗಳ ಮೊದಲು ದೂರದ ಊರಿನಲ್ಲಿದ್ದ ನಮ್ಮ ಸೋದರಮಾವನಿಗೆ ಜ್ವರ ಬಂದು, ಅವನ ಬದಲಿಗೆ ನಾನು ಅಲ್ಲಿಯ ಒಂದು ಸಾವಿನ ಮನೆಗೆ ಹೋಗಿ ಬಂದಿದ್ದೆ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅಣ್ಣ ಕಲ್ಲಿನ ಮುಂದೆ ಕುಳಿತವನು ತಲೆ ಎತ್ತದೆ ಕೇಳಿದ:

"ಮಾವನ ಊರಿಗೆ ನನ್ನ ಕತ್ತಿ ತೆಗೊಂಡು ಹೋದ್ದಲ್ವಾ ನೀನು?"

"ಎಂತ ಮಾತು ಅಣ್ಣ ಇದು? ನನಗೆ ನನ್ನದೇ ಕತ್ತಿ ಉಂಟಲ್ಲ."

"ನಿನ್ನದು ಆವತ್ತು ಮೊಂಡಾಗಿತ್ತು. ನನ್ನದು ತೆಗೊಂಡು ಹೋಗಿ, ಕಲ್ಲಿಗೆ ಹಿಡಿಯದೆ ಹಾಗೇ ತಂದಿಟ್ಟಿದ್ದಿ. ಇಲ್ಲದಿದ್ರೆ ಇದರಲ್ಲಿ ಹರಿತ ಯಾಕೆ ನಿಲ್ಲುದಿಲ್ಲ?"

ನನ್ನ ಮೈ ಉರಿದುಹೋಯಿತು. ಕಳ್ಳ ಎಂದಿದ್ದರೆ ಸಹಿಸುತ್ತಿದ್ದೆ. ಸಾವಿನ ಮನೆಯ ಮೈಲಿಗೆಯನ್ನು ಊರವರ ಮುಖಕ್ಕೆ ಹಚ್ಚಿದವನು ಎಂದು ಅವನು ನನ್ನನ್ನು ಹೇಳಿದ್ದು, ಅದೂ ತಾನೇ ಕೈಹಿಡಿದು ಕಲಿಸಿದವನನ್ನು.

"ನಿನ್ನ ಕೈಯೇ ಸರಿ ಇಲ್ಲ," ಎಂದೆ. "ಕೈ ಸರಿ ಇಲ್ಲದವನಿಗೆ ಯಾವ ಕತ್ತಿ ಆದ್ರೂ ಅಷ್ಟೇ."

ಅವನನ್ನು ನೋಯಿಸಬೇಕೆಂದೇ ಹೇಳಿದ ಮಾತು. ಅದು ನಿಜ ಎಂದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಮರುದಿನದಿಂದ ಅಣ್ಣ ತನ್ನ ಕತ್ತಿಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಒಂದು ವರ್ಷ ಹೀಗೇ ಹೋಯಿತು. ಗಿರಾಕಿಗಳ ಎದುರು ಮಾತಾಡುತ್ತಿದ್ದೆವು, ಅವರು ಎದ್ದು ಹೋದರೆ ಇಬ್ಬರ ಬಾಯಿಗೂ ಬೀಗ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೂ ಕತ್ತಿಯ ಹರಿತ ನಿಲ್ಲುತ್ತಿಲ್ಲವಲ್ಲ, ಹಾಗಾದರೆ ತಪ್ಪು ತಮ್ಮನದಲ್ಲ ಎಂದು ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಮ್ಮೆ ಕೆಟ್ಟದ್ದು ಕೆಟ್ಟಿತು, ಇನ್ನು ಎಷ್ಟು ಕಾದರೂ ಅಷ್ಟೇ ಎಂದು ಅವನ ಲೆಕ್ಕ. ಕೊನೆಕೊನೆಗೆ ದಿನಾ ಬೆಳಿಗ್ಗೆ ಕಲ್ಲಿನ ಮುಂದೆ ಕುಳಿತುಕೊಳ್ಳುತ್ತಿದ್ದ. ಅಲಗು ಸವೆದು ಸವೆದು ಅರ್ಧಕ್ಕೆ ಬಂದಿತ್ತು.

ಆ ವರ್ಷದಲ್ಲಿ ನಾನು ಕಂಡದ್ದನ್ನೆಲ್ಲ ಈಗ ಒಂದೊಂದಾಗಿ ನೆನೆಯುತ್ತೇನೆ. ಹೋಟೆಲಿನಿಂದ ತರಿಸಿದ ಚಹಾದ ಗ್ಲಾಸನ್ನು ನಾನು ಪಂಚೆಯ ಅಂಚಿನಿಂದ ಹಿಡಿದರೆ, ಅವನು ಬರಿಯ ಎಡಗೈಯಲ್ಲೇ ಹಿಡಿದು ಕುಡಿಯುತ್ತಿದ್ದ. ಒಮ್ಮೆ ಬೀಡಿ ಉರಿದು ಬೆರಳಿನ ಸಂದಿಗೆ ಬಂದು ಬೊಕ್ಕೆ ಎದ್ದಿತ್ತು. ಮಣಿಗಂಟಿನ ಮೇಲೆ ಒಂದು ಬಿಳಚು ಮಚ್ಚೆ ಇತ್ತು. ಸೋಪಿನದ್ದು ಎಂದು ಅತ್ತಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದಳು. ಎಲ್ಲವನ್ನೂ ನಾನು ನೋಡಿದ್ದೆ. ಸಿಟ್ಟಿನಲ್ಲಿದ್ದವನು ಕೇಳಲಿಲ್ಲ. ಅವನಾಗಿ ಬಂದು ಮಾತಾಡಲಿ ಎಂದು ಬಿಗಿದುಕೊಂಡು ಕುಳಿತಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಒಣಮೀನಿನ ವ್ಯಾಪಾರದ ಬ್ಯಾರಿಯೊಬ್ಬರು ಬಂದು ಅಣ್ಣನ ಕುರ್ಚಿಯಲ್ಲಿ ಕುಳಿತರು. ಪ್ರತಿ ವಾರ ಮಸೀದಿಗೆ ಹೋಗುವ ಮೊದಲು ತಲೆ ಬೋಳಿಸಿಕೊಳ್ಳುವುದು ಅವರ ಕ್ರಮ. ಅಣ್ಣ ಅವರ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ತಲೆ ಒದ್ದೆ ಮಾಡಿ, ಕತ್ತಿ ಬಿಚ್ಚಿ ಹೆಬ್ಬೆರಳಿಗೆ ಮುಟ್ಟಿಸಿದ. "ಜಾರ್ತದೆ," ಎಂದು ಗೊಣಗಿದ. ಪಟ್ಟಿಗೆ ಎಳೆದ. ಮತ್ತೆ ಮುಟ್ಟಿಸಿದ. ಮತ್ತೆ ಎಳೆದ. ಮೂರನೆಯ ಸಲ ಸ್ವಲ್ಪ ಒತ್ತಿಯೇ ಸರಿಸಿದನೆಂದು ಕಾಣುತ್ತದೆ. ಆಮೇಲೆ ಸಾಕಾಗಿ ಕೆಲಸಕ್ಕೆ ತೊಡಗಿದ.

ನಾಲ್ಕು ಎಳೆ ಎಳೆದಿರಬೇಕು, ಬಿಳಿ ಬಟ್ಟೆಯ ಮೇಲೆ ರಕ್ತದ ಹನಿ ಬಿತ್ತು. ಇನ್ನೊಂದು ಬಿತ್ತು. ಅಣ್ಣ ಗಾಬರಿಯಾದ. ಅವನ ಕೈಯಲ್ಲಿ ಅದುವರೆಗೆ ಯಾರ ತಲೆಗೂ ಗಾಯವಾದದ್ದಿಲ್ಲ.

"ತಪ್ಪಾಯ್ತು ಸಾಹುಕಾರ್ರೆ, ಎಲ್ಲಿ ತಾಗಿತು ಅಂತ ಗೊತ್ತಾಗುದಿಲ್ಲ," ಎಂದು ಹಸಿಬಟ್ಟೆಯಿಂದ ಅವರ ತಲೆ ಒರೆಸಿದ. ಒರೆಸಿದಲ್ಲೆಲ್ಲ ಕೆಂಪಾಯಿತು. ಕಿವಿಯ ಹಿಂದೆ ನೋಡಿದ, ಹಿಂದಲೆ ನೋಡಿದ, ಎಡಗೈಯಲ್ಲಿ ತಲೆಯನ್ನು ಆಚೆ ಈಚೆ ತಿರುಗಿಸಿ ಹುಡುಕಿದ. ಹುಡುಕಿದಷ್ಟೂ ರಕ್ತ ಹೆಚ್ಚಾಯಿತು. ಕನ್ನಡಿಯಲ್ಲಿ ನೋಡುತ್ತಿದ್ದ ಅವರು ಮೆಲ್ಲನೆ ಅವನ ಎಡಗೈ ಹಿಡಿದು ಮುಂದಕ್ಕೆ ತಂದರು.

"ನನ್ನ ತಲೆಯಲ್ಲಿ ಎಂತ ಹುಡುಕುದು ಮಾರಾಯ? ನಿನ್ನ ಕೈ ನೋಡು."

ಹೆಬ್ಬೆರಳಿನ ತಿರುಳು ಬಾಯಿಬಿಟ್ಟಿತ್ತು. ಅಣ್ಣ ಅದನ್ನು ನೋಡಿದ. ಬೇರೆ ಯಾರದೋ ಬೆರಳನ್ನು ನೋಡುವಂತೆ ನೋಡಿದ. "ನೋಯುದಿಲ್ಲ," ಎಂದ. ಆಮೇಲೆ ನನ್ನನ್ನು ನೋಡಿ, "ನೋಯುದಿಲ್ಲ ಮಾರಾಯ," ಎಂದು ಇನ್ನೊಮ್ಮೆ ಹೇಳಿದ. ಒಂದು ವರ್ಷದಲ್ಲಿ ಗಿರಾಕಿಗಾಗಿ ಅಲ್ಲದೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಅವನ ಕೈಯಿಂದ ಕತ್ತಿ ತೆಗೆದುಕೊಂಡು ನನ್ನ ಹೆಬ್ಬೆರಳಿಗೆ ಮುಟ್ಟಿಸಿದೆ. ತಾಗುವ ಮೊದಲೇ ಹಿಡಿಯಿತು. ಅಂಥ ಹರಿತದ ಕತ್ತಿಯನ್ನು ನನ್ನ ಜನ್ಮದಲ್ಲಿ ಮುಟ್ಟಿರಲಿಲ್ಲ. ಅದು ಮೊಂಡಾಗಿಯೇ ಇರಲಿಲ್ಲ. ಅವನ ಬೆರಳು ಮಾತ್ರ ಜಾರುತ್ತಿತ್ತು.

ಉಳಿದ ತಲೆಯನ್ನು ನಾನೇ ಬೋಳಿಸಿ ಮುಗಿಸಿದೆ. ಅಣ್ಣ ಮೂಲೆಯ ಬೆಂಚಿನಲ್ಲಿ ಕುಳಿತು ಉಡಿದಾರದಿಂದ ಬೀಗದ ಕೈ ಬಿಚ್ಚಿದ. ನನ್ನ ಕೈಗೆ ಕೊಡಲಿಲ್ಲ, ಕಪಾಟಿನ ಮೇಲೆ ನನ್ನ ಕತ್ತಿಯ ಪಕ್ಕದಲ್ಲಿ ಇಟ್ಟ.

ಗಾಯ ತೋರಿಸಲು ಹೋದಾಗ ಡಾಕ್ಟರು ಅವನ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಕೈಯ ಮೇಲೆ ಅಲ್ಲಲ್ಲಿ ಮುಟ್ಟಿ, ಮುಟ್ಟಿದಾಗ ಹೇಳು ಎಂದರು. ಅವರು ಮುಟ್ಟುತ್ತಲೇ ಇದ್ದರು, ಅವನು ಹೇಳದೆ ಕುಳಿತೇ ಇದ್ದ. ಅವರು ಆ ರೋಗದ ಹೆಸರು ಹೇಳಿದಾಗ ನಾನು ಬಾಗಿಲ ಕಡೆ ನೋಡಿದೆ, ಹೊರಗೆ ಯಾರಾದರೂ ಕೇಳಿಸಿಕೊಂಡರೋ ಎಂದು. ಅವರು ಒಳ್ಳೆಯ ಮನುಷ್ಯ. ಮಾತ್ರೆ ತಪ್ಪಿಸದೆ ತೆಗೆದುಕೊಂಡರೆ ಮುಂದೆ ಹೋಗುವುದಿಲ್ಲ, ಮುಟ್ಟಿದ ಮಾತ್ರಕ್ಕೆ ಯಾರಿಗೂ ತಾಗುವುದಿಲ್ಲ ಎಂದು ಬಿಡಿಸಿ ಹೇಳಿದರು.

"ಸ್ಪರ್ಶ ಬರ್ತದಾ ಡಾಕ್ಟ್ರೇ?" ಎಂದು ಅಣ್ಣ ಕೇಳಿದ.

"ಒಂದು ವರ್ಷ ಮೊದಲು ಬಂದಿದ್ರೆ ನೋಡಬಹುದಿತ್ತು. ಈಗ ಹೋದದ್ದು ಹೋಯ್ತು."

ಆ ಒಂದು ವರ್ಷ ಎಲ್ಲಿ ಹೋಯಿತು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೀನಿನ ವ್ಯಾಪಾರದವರು ಯಾರಿಗೂ ಹೇಳಲಿಲ್ಲ. ಆದರೂ ಊರಿಗೆ ತಿಳಿಯಿತು, ಇಂಥದ್ದು ತಿಳಿಯದೆ ಇರುವುದಿಲ್ಲ. ಅಣ್ಣ ಕೊಯಿಲದ ಮನೆ ಸೇರಿದ ಮೇಲೂ ಅವನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ನನ್ನ ಕುರ್ಚಿಯಲ್ಲೂ ಕೂರಲಿಲ್ಲ. ಆ ಸಾಹುಕಾರರೊಬ್ಬರು ಮಾತ್ರ ಶುಕ್ರವಾರ ತಪ್ಪಿಸದೆ ಬಂದರು. ಒಂದೇ ತಲೆಯಿಂದ ಅಂಗಡಿ ನಡೆಯುವುದಿಲ್ಲ. ನಾನು ಬಾಗಿಲು ಹಾಕಿ, ನಮ್ಮ ಗುರುತು ಇಲ್ಲದ ಸುಳ್ಯಕ್ಕೆ ಹೋಗಿ ಒಂದು ಕುರ್ಚಿ ಹಾಕಿಕೊಂಡೆ. ಅಲ್ಲಿ ಅಣ್ಣ ಇದ್ದಾನೆಂದು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ನಾನೊಬ್ಬನೇ ಮಗ ಎಂದೆ.

ಹದಿನೈದು ದಿನಕ್ಕೊಮ್ಮೆ ಕೊಯಿಲಕ್ಕೆ ಹೋಗುತ್ತಿದ್ದೆ. ಅಣ್ಣನ ಗಡ್ಡ ತೆಗೆದ ಮೇಲೆ ನನ್ನ ಕತ್ತಿಯನ್ನು ಅವನ ಮುಂದೆ ಇಡುತ್ತಿದ್ದೆ. ಅದನ್ನು ಸಾಣೆಗೆ ಹಿಡಿಯುವ ಕೆಲಸ ಅವನಿಗೆ ಉಳಿದಿತ್ತು. ಅದಕ್ಕಾಗಿಯೇ ಅವನು ದಿನ ಎಣಿಸುತ್ತಾನೆ ಎಂದು ಅತ್ತಿಗೆ ಹೇಳುತ್ತಿದ್ದಳು. ಬೆಳಕಿಗೆ ಹಿಡಿದು ನೋಡಿ, ಕಲ್ಲಿನ ಮೇಲೆ ಅಲಗಿನ ಸದ್ದು ಕೇಳಿ, ಹದ ಮಾಡಿ ಕೊಡುತ್ತಿದ್ದ. ಪ್ರತಿ ಸಲವೂ ಮೊದಲು ತನ್ನ ಹೆಬ್ಬೆರಳಿಗೆ ಮುಟ್ಟಿಸುವುದು, ಆಮೇಲೆ ನನಗೆ ಕೊಡುವುದು. ನಾನು ಮುಟ್ಟಿಸಿ, "ಹಿಡೀತದೆ ಅಣ್ಣ," ಎನ್ನುವುದು. ಮೂರು ವರ್ಷ ಹೀಗೆ ನಡೆಯಿತು. ಅವನ ಸಾಣೆ ಸುಳ್ಯದಲ್ಲಿ ನಿಜಕ್ಕೂ ಹದಿನೈದು ದಿನ ಬರುತ್ತಿತ್ತು.

ಒಂದು ದಿನ ಅವನು ಕತ್ತಿಯನ್ನು ನನ್ನ ಕೈಗೆ ಕೊಡಲಿಲ್ಲ. ಬಲಗೈಯಲ್ಲಿ ಅದನ್ನು ಹಿಡಿದುಕೊಂಡೇ ಎಡಗೈ ಚಾಚಿದ. ಬೆರಳುಗಳು ಆಗಲೇ ಒಳಕ್ಕೆ ಮಡಚಿದ್ದವು.

"ನಿನ್ನ ಹೆಬ್ಬೆರಳು ಕೊಡು ಇಲ್ಲಿ. ಹಿಂದೆ ಕಲಿಸುವಾಗ ಹಿಡೀತಿದ್ದೆನಲ್ಲ, ಹಾಗೆ. ಅಲಗು ಹಿಡಿದಾಗ ನಿನ್ನ ಮುಖ ಹೇಗಾಗ್ತದೆ ಅಂತ ಒಮ್ಮೆ ನೋಡುವ."

ನಾನು ಕೈ ಹಿಂದೆಗೆದುಕೊಂಡೆ. ಕೈ ತಾನಾಗಿ ಹಿಂದೆ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅವನ ಮುಖವನ್ನು ಹದಿನೈದು ದಿನಕ್ಕೊಮ್ಮೆ ಮುಟ್ಟುತ್ತಿದ್ದವನು, ಡಾಕ್ಟರ ಮಾತನ್ನು ಕಿವಿಯಾರೆ ಕೇಳಿದ್ದವನು ನಾನು. ಆ ಗಳಿಗೆಯಲ್ಲಿ ನೆನಪಾದದ್ದು ಸುಳ್ಯದ ಕುರ್ಚಿ, ಅದಕ್ಕೆ ಬೇಕಾದ ಈ ಬೆರಳು. ತಿಳಿದೇ ಹಿಂದೆಗೆದುಕೊಂಡೆ.

ಅಣ್ಣ ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಕತ್ತಿ ಒರೆಸಿ, ಮಡಚಿ, ಕಲ್ಲಿನ ಮೇಲೆ ಇಟ್ಟ.

"ಬಸ್ಸಿಗೆ ಹೊತ್ತಾಯ್ತು ನಿಂಗೆ," ಎಂದ. "ಕಲ್ಲನ್ನೂ ತೆಗೊಂಡು ಹೋಗು. ಇಲ್ಲಿ ಇಟ್ಟು ಎಂತ ಮಾಡುದು."

ತೆಗೆದುಕೊಂಡು ಹೋದೆ. ಮುಂದಿನ ಸಲ ಹೋದಾಗ ಗಡ್ಡ ತೆಗೆಸಿಕೊಳ್ಳಲು ಅವನು ಒಪ್ಪಲಿಲ್ಲ. ಚಳಿಗೆ ಒಳ್ಳೆಯದು, ಇರಲಿ ಎಂದ. ಆಮೇಲೆ ಎರಡು ವರ್ಷ ಬದುಕಿದ್ದ. ಗಡ್ಡ ಎದೆಯವರೆಗೆ ಬಂದಿತ್ತು. ನಾನು ಹೋಗುತ್ತಿದ್ದೆ, ಬೆಲ್ಲ ನೀರು ಕುಡಿದು, ಅದೂ ಇದೂ ಮಾತಾಡಿ ಬರುತ್ತಿದ್ದೆ. ಆ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವನು ತೀರಿಕೊಂಡ ದಿನ ಬೇರೆ ಯಾರೂ ಹತ್ತಿರ ಬರಲಿಲ್ಲ, ಮುಖಕ್ಷೌರ ನಾನೇ ಮಾಡಬೇಕಾಯಿತು. ಅಪ್ಪನ ಕಲ್ಲನ್ನು ಸುಳ್ಯದಿಂದ ತಂದಿದ್ದೆ. ಅಂಗಳದಲ್ಲಿ ಕುಳಿತು ಕತ್ತಿ ಮಸೆದೆ, ಹೆಬ್ಬೆರಳು ಒದ್ದೆ ಮಾಡಿ ಮುಟ್ಟಿಸಿದೆ. ಚೆನ್ನಾಗಿ ಹಿಡಿಯಿತು. ನನಗೀಗ ಅವನು ಹೋದ ವಯಸ್ಸು ಎಂದೋ ದಾಟಿದೆ. ದಿನಾ ಬೆಳಿಗ್ಗೆ ಅಂದು ಅವನಿಗೆ ಕೊಡದ ಹೆಬ್ಬೆರಳನ್ನು ಸೂಜಿ ಮೊನೆಯಿಂದ ಚುಚ್ಚಿ ನೋಡಿಕೊಳ್ಳುತ್ತೇನೆ. ಆ ಬೆರಳಿಗೆ ಇನ್ನೂ ಏನೂ ಆಗಿಲ್ಲ.