ಮೂರು ಕಚೇರಿಗಳಲ್ಲಿ ಎಣಿಕೆಯಾದ ಒಂದೇ ಮೇಜು

ಮೂರು ವರ್ಷದ ಹಿಂದೆ, ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ, ನಾನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗ್ರೂಪ್ ಡಿ ನೌಕರನಾಗಿದ್ದೆ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಆಗಿನವರು ಕೆಲವರು ಇನ್ನೂ ಸೇವೆಯಲ್ಲಿದ್ದಾರೆ. ನಾನು ಓದಿದ್ದು ತೂಬಗೆರೆಯಲ್ಲಿ, ಏಳನೇ ಕ್ಲಾಸಿನವರೆಗೆ. ಆದರೆ ಯಾವ ಊರಿನ ಯಾವ ಸರ್ವೆ ನಂಬರಿನ ಕಡತ ಕೇಳಿದರೂ ಹತ್ತು ನಿಮಿಷದಲ್ಲಿ ತಂದಿಡುತ್ತಿದ್ದೆ. ಡಿಗ್ರಿ ಮಾಡಿದ ಗುಮಾಸ್ತರೂ ನನ್ನನ್ನೇ ಕೇಳಬೇಕಿತ್ತು.

ಆ ವರ್ಷ, ಊರಲ್ಲಿ ಚದುರಿಹೋಗಿದ್ದ ಸರ್ಕಾರಿ ಕಚೇರಿಗಳನ್ನೆಲ್ಲ ಒಂದೇ ಕಟ್ಟಡಕ್ಕೆ ತರುವ ಯೋಜನೆ ಶುರುವಾಯಿತು. ಮುಂದಿನ ಮೂವತ್ತು ವರ್ಷಕ್ಕೆ ಯಾರಿಗೆಷ್ಟು ಜಾಗ ಬೇಕೆಂದು ನೋಡಲು ರೇಖಾ ಎಂಬ ಎಂಜಿನಿಯರ್ ಬಂದರು. ಇವತ್ತು ಎಷ್ಟು ಮೇಜುಗಳಿವೆ, ಎಷ್ಟು ಅಡಿ ರ್‍ಯಾಕು ತುಂಬಿದೆ ಎಂದು ಎಣಿಸಿ, ಅದರ ಮೇಲೆ ಮುಂದಿನ ಬೆಳವಣಿಗೆ ಸೇರಿಸುವುದು ಅವರ ವಿಧಾನ. ಇವತ್ತಿನ ಎಣಿಕೆ ತಪ್ಪಿದರೆ ಮೂವತ್ತು ವರ್ಷವೂ ತಪ್ಪು.

ಅವರು ಬರುವ ಸುದ್ದಿ ಕೇಳಿ ನಾನು ನಾಲ್ಕು ದಿನ ಬೆವರು ಸುರಿಸಿದೆ. ಕಡತದ ಕಟ್ಟುಗಳನ್ನು ಮೊಣಕಾಲಿಟ್ಟು ಅದುಮಿ, ಹಗ್ಗ ಬಿಗಿದು, ಮೂರು ಸಾಲಿದ್ದದ್ದನ್ನು ಎರಡು ಸಾಲಿಗೆ ಕೂಡಿಸಿದೆ. ಮೂರನೇ ಸಾಲಿನ ರ್‍ಯಾಕುಗಳು ಪೂರ್ತಿ ಖಾಲಿಯಾದವು. ಮೇಡಂ ಒಳಗೆ ಬಂದವರೇ, "ಎಷ್ಟು ಚೆನ್ನಾಗಿಟ್ಟಿದೀರಾ ಮುನಿರಾಜಣ್ಣ!" ಅಂದು ಬಹಳ ಹೊತ್ತು ಬರೆದುಕೊಂಡರು. ಮೊದಲು ಉಬ್ಬಿಹೋದೆ. ಆಮೇಲೆ, ಅಷ್ಟು ಹೊತ್ತು ಬರೆಯುವಂಥದ್ದು ಏನಿತ್ತು ಎಂಬ ಅನುಮಾನ ತಲೆಗೆ ಹೊಕ್ಕಿತು.

ಮಾರನೇ ದಿನ ಊಟದ ಹೊತ್ತಿನಲ್ಲಿ ನಮ್ಮ ಕಚೇರಿಯ ಇನ್ನೊಬ್ಬ ನೌಕರ ಪಿಳ್ಳಪ್ಪ ಕೈಗಾಡಿಯಲ್ಲಿ ಮೇಜುಗಳನ್ನು ರಸ್ತೆ ದಾಟಿಸುತ್ತಿದ್ದ. ಅದರಲ್ಲೊಂದರ ಮುರಿದ ಕಾಲಿಗೆ ಮರದ ತುಂಡು ಹೊಡೆದಿದ್ದವನು ನಾನೇ.

"ಎಲ್ಲಿಗೆ ಲೇ ಮೆರವಣಿಗೆ?"

"ಮೇಡಂ ನಾಳೆ ಆಚೆ ಆಫೀಸ್ ಎಣಿಸ್ತಾರಂತೆ ಗುರು. ನಮ್ದು ಎಣಿಸಾಯ್ತು, ಅವ್ರಿಗೂ ಬೇಕಲ್ವಾ? ನಾಳಿದ್ದು ಅದರಾಚೆ ಆಫೀಸ್‌ಗೆ. ಶಿರಸ್ತೇದಾರ್ರೇ ಹೇಳವ್ರೆ."

ನಾನು ನಕ್ಕು ಸುಮ್ಮನಾದೆ. ಮೇಜಿನ ವಿಷಯ ನನಗ್ಯಾಕೆ ಅನ್ನಿಸಿತು.

ಮೂರು ವಾರದ ಮೇಲೆ ಕರಡು ನಕ್ಷೆ ಬಂತು. ಸರ್ವೆ ನಕ್ಷೆ ನೋಡಿ ನೋಡಿ ಕಣ್ಣು ಸವೆಸಿದವನಿಗೆ ಅದನ್ನು ಯಾರೂ ಓದಿ ಹೇಳಬೇಕಿರಲಿಲ್ಲ. ಮೇಜು ತೋರಿಸಿದವರಿಗೆಲ್ಲ ಮೇಲೆ ದೊಡ್ಡ ಹಾಲ್. ರೆಕಾರ್ಡ್ ರೂಮು ಮಾತ್ರ ಎರಡು ಸಾಲಿನಷ್ಟಕ್ಕೆ ಕುಗ್ಗಿ ನೆಲಮಾಳಿಗೆಗೆ ಇಳಿದಿತ್ತು. ಕಟ್ಟಡದ ಜಾಗವೋ ಕೆರೆಯಂಗಳದ ಮಗ್ಗುಲಿಗೆ. ಕಡತಗಳಲ್ಲಿ ಸ್ಕ್ಯಾನ್ ಆಗಿದ್ದದ್ದು ಅರ್ಧ ಮಾತ್ರ. ಒಂದು ಜೋರು ಮಳೆಗೆ ಉಳಿದ ಊರುಗಳ ಜಮೀನಿನ ಕಾಗದವೆಲ್ಲ ಮುದ್ದೆಯಾಗುತ್ತಿತ್ತು.

ಶಿರಸ್ತೇದಾರರ ಹತ್ತಿರ ಹೋದೆ. "ನಿನ್ನ ರೂಮಲ್ಲಿ ಜಾಗ ಖಾಲಿ ಬಿದ್ದಿತ್ತಲ್ಲಪ್ಪಾ. ನೀನೇ ಗುಡಿಸಿ ಸಾರಿಸಿ ತೋರಿಸ್ದೆ," ಎಂದು ನಕ್ಕರು. ಇವರೂ ಮೇಡಮ್ಮೂ ಒಂದಾಗಿದ್ದಾರೆಂದೇ ನಂಬಿದೆ. ಎರಡು ದಿನ ಅವರಿಬ್ಬರೂ ಮಾತಾಡುವಾಗೆಲ್ಲ ಬಾಗಿಲ ಬಳಿ ಸುಳಿದೆ. ಸಿಕ್ಕಿದ್ದು ಏನೂ ಇಲ್ಲ. ಮೂರನೇ ದಿನ ತಡೆಯಲಾರದೆ ಮೇಡಂ ಎದುರೇ ನಿಂತು ಕೈಗಾಡಿಯ ವಿಷಯ ಹೇಳಿಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. "ಅವತ್ತೇ ಯಾಕೆ ಹೇಳ್ಲಿಲ್ಲ? ಈಗ ನಿಮ್ಮ ರೂಮು ಚಿಕ್ಕದಾಯ್ತು ಅಂತ ಕತೆ ಕಟ್ತಿದೀರಾ?"

ಅನುಮಾನ ಪಟ್ಟುಕೊಂಡೇ ತಿರುಗಿದವನಿಗೆ, ನನ್ನನ್ನೂ ಹಾಗೆ ನೋಡಬಹುದೆಂದು ಹೊಳೆದಿರಲಿಲ್ಲ.

"ರೂಮು ಚಿಕ್ಕದಾಗಿದ್ದಕ್ಕೇ ಬಾಯಿ ಬಿಟ್ಟೆ ಮೇಡಂ, ಸುಳ್ಳು ಹೇಳಲ್ಲ. ನಾನೂ ಕಣ್ಣಿಗೆ ಮಣ್ಣೆರಚಿದೀನಿ. ಬಂದು ನೋಡಿ."

ಅವರ ಎದುರೇ ಒಂದು ಕಟ್ಟಿನ ಹಗ್ಗ ಬಿಚ್ಚಿದೆ. ಅದುಮಿದ್ದ ಕಾಗದ ಉಸಿರೆಳೆದಂತೆ ಉಬ್ಬಿತು. ಹಳೆಯ ಹಾಳೆಗಳ ಅಂಚು ಪುಡಿಪುಡಿಯಾಗಿ ಉದುರಿತು. ತಿರುಗಿ ಆ ಜಾಗಕ್ಕೆ ತುರುಕಿದರೆ ಹಿಡಿಸಲಿಲ್ಲ. ಹೆಮ್ಮೆಪಟ್ಟು ಮಾಡಿದ ಕೆಲಸ ಕಡತವನ್ನೇ ತಿಂದಿತ್ತು. ನೀರು ನುಗ್ಗಿ ಹಾಳುಮಾಡುವ ಮುಂಚೆ ನಾನೇ ಹಾಳುಮಾಡಲು ಶುರು ಮಾಡಿದ್ದೆ. ಮೇಡಂ ಇನ್ನೂ ನಾಲ್ಕು ಕಟ್ಟು ಬಿಚ್ಚಿಸಿ, ತಾವೇ ಟೇಪು ಹಿಡಿದು ಅಳೆದರು.

ಮುಂದಿನ ವಾರ, ಮುಂಚೆ ತಿಳಿಸದೆ, ಎಲ್ಲ ಕಚೇರಿಗಳಲ್ಲೂ ಬೆಳಿಗ್ಗೆ ಹನ್ನೊಂದಕ್ಕೆ ಒಟ್ಟಿಗೇ ಎಣಿಕೆ ನಡೆಯಿತು. ಆ ಮೂರು ಕಚೇರಿಗಳಲ್ಲಿ ಅರವತ್ನಾಲ್ಕಿದ್ದ ಮೇಜು ನಲವತ್ತೆರಡಕ್ಕೆ ಇಳಿಯಿತು. ಪರಿಷ್ಕೃತ ನಕ್ಷೆಯಲ್ಲಿ ರೆಕಾರ್ಡ್ ರೂಮು ನಾಲ್ಕು ಸಾಲಾಗಿ ಮೊದಲ ಮಹಡಿಗೆ ಹತ್ತಿತು, ನೆಲಮಾಳಿಗೆ ವಾಹನಗಳಿಗಾಯಿತು. ಶಿರಸ್ತೇದಾರರು ನನ್ನನ್ನು ಟಪಾಲು ಹಂಚಲು ಹಾಕಿದರು. ಪಿಳ್ಳಪ್ಪ, "ಹಿಡ್ಕೊಟ್ಬಿಟ್ಟೆಯಲ್ಲೋ," ಅಂದವನು ನನ್ನ ಜೊತೆ ಟೀಗೆ ಬರುವುದನ್ನು ಬಿಟ್ಟ. ನಿವೃತ್ತಿಯ ದಿನವೂ ಬರಲಿಲ್ಲ.

ಕೆಲಸ ಕಲಿಸಿದ್ದು ಇಷ್ಟು: ಅಳೆಯಲು ಬಂದವರಿಗೆ ಕಚೇರಿಯನ್ನು ದಿನಾ ಇರುವ ಹಾಗೇ ತೋರಿಸಬೇಕು, ಧೂಳು ಸಹಿತ. ಅದಕ್ಕೆ ಅಂಜಿಕೆಯಾದರೆ, ಮೊದಲು ಅನುಮಾನಿಸಬೇಕಾದದ್ದು ಬಂದವರನ್ನಲ್ಲ.